ಕ್ರಿಸ್‌ಮಸ್ ಹೆಸರಿನ ದ್ವೀಪ

ಡಿಸೆಂಬರ್ ಬಂತೆಂದರೆ ನಮ್ಮಂಥ ಸರ್ಕಾರಿ ನೌಕರರ ನಡುವೆ ಎಲ್‌ಟಿಸಿಯ ಮಾತು ಏಳುತ್ತದೆ. ಉಳಿದ ಕ್ಯಾಶುಯಲ್ ರಜೆ, ಕ್ರಿಸ್‌ಮಸ್ ರಜೆ, ಭಾನುವಾರ ಎಲ್ಲವನ್ನೂ ಕೂಡಿಸಿ ಅಂಡಮಾನಿಗೆ ಹೋಗಿಬರುವವರು ನಮ್ಮಲ್ಲಿ ಅನೇಕರು. ಬೆಚ್ಚನೆಯ ದ್ವೀಪವೊಂದರಲ್ಲಿ ವರ್ಷಾಂತ್ಯ ಕಳೆಯುವ ಆಸೆ ಸಹಜವೇ. ಆದರೆ ಸುಮಾರು ಎರಡೂವರೆ ಶತಮಾನಗಳ ಹಿಂದೆ ಕೆಲವರು ಹೀಗೆ ಕಳೆದ ಹತ್ತು ದಿನಗಳು ಒಂದು ದ್ವೀಪಕ್ಕೆ ಶಾಶ್ವತವಾದ ಹೆಸರನ್ನೇ ಕೊಟ್ಟುಬಿಟ್ಟವು. ಆ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಭೂಪಟದಲ್ಲಿ ಕ್ರಿಸ್‌ಮಸ್ ದ್ವೀಪಗಳು ಎರಡಿವೆ. ಒಂದು ನಮ್ಮ ಹಿಂದೂ ಮಹಾಸಾಗರದಲ್ಲಿ, ಜಾವಾದ ದಕ್ಷಿಣಕ್ಕಿದೆ. 1643ರ ಕ್ರಿಸ್‌ಮಸ್ ದಿನ ಅದರ ಪಕ್ಕದಲ್ಲಿ ಹಾದುಹೋದ ವಿಲಿಯಂ ಮೈನರ್ಸ್ ಎಂಬ ಇಂಗ್ಲಿಷ್ ಕಪ್ತಾನ ಅದಕ್ಕೆ ಆ ಹೆಸರಿಟ್ಟ. ಈಗ ಅದು ಆಸ್ಟ್ರೇಲಿಯಕ್ಕೆ ಸೇರಿದೆ. ನಾವಿಲ್ಲಿ ಹೇಳಹೊರಟಿರುವುದು ಇನ್ನೊಂದರ ವಿಚಾರ. ಅದು ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯಿಂದ ಉತ್ತರಕ್ಕೆ ಎರಡು ಡಿಗ್ರಿಯೊಳಗೆ ಇರುವ ಹವಳದ ದ್ವೀಪ.

ಕಪ್ತಾನ್ ಜೇಮ್ಸ್ ಕುಕ್ ತನ್ನ ಮೂರನೆಯ ಮಹಾಯಾನಕ್ಕೆ ಇಂಗ್ಲೆಂಡಿನಿಂದ ಹೊರಟದ್ದು 1776ರಲ್ಲಿ. ಉತ್ತರ ಅಮೆರಿಕದ ನೆತ್ತಿಯ ಮೇಲೆ ಪೆಸಿಫಿಕ್‌ನಿಂದ ಅಟ್ಲಾಂಟಿಕ್‌ಗೆ ದಾರಿಯುಂಟೇ ಎಂದು ಹುಡುಕುವುದು ಅವನಿಗೆ ಒಪ್ಪಿಸಿದ ಕೆಲಸ. ‘ರೆಸಲ್ಯೂಷನ್’, ‘ಡಿಸ್ಕವರಿ’ ಎಂಬ ಎರಡು ಹಡಗುಗಳು. 1777ರ ಡಿಸೆಂಬರಿನಲ್ಲಿ ಅವು ಬೋರಾಬೋರಾ ಬಿಟ್ಟು ಉತ್ತರಕ್ಕೆ ಸಾಗಿ, ಭೂಮಧ್ಯರೇಖೆ ದಾಟಿದವು. 24ರ ಬೆಳಗಿನ ಜಾವ ನೀರಿನ ಮಟ್ಟಕ್ಕಿಂತ ಹೆಚ್ಚು ಎತ್ತರವಿಲ್ಲದ ನೆಲವೊಂದು ಕಣ್ಣಿಗೆ ಬಿತ್ತು. ಹಬ್ಬ ಅಲ್ಲೇ ಆದದ್ದರಿಂದ ಕುಕ್ ಅದನ್ನು ಕ್ರಿಸ್‌ಮಸ್ ದ್ವೀಪವೆಂದು ಕರೆದ.

ಆ ಹತ್ತು ದಿನಗಳಲ್ಲಿ ಅವರಿಗೆ ಊಟಕ್ಕೆ ಕೊರತೆಯಾಗಲಿಲ್ಲ. ಮೀನು ಧಾರಾಳವಾಗಿ ಸಿಕ್ಕಿತು. ಹಸಿರು ಕಡಲಾಮೆಗಳನ್ನು ಸುಮಾರು ಮುನ್ನೂರರಷ್ಟು ಹಿಡಿದು ಹಡಗಿಗೆ ತುಂಬಿದರು. ಒಂದೊಂದೂ ತೊಂಬತ್ತು ನೂರು ಪೌಂಡ್ ತೂಗುತ್ತಿತ್ತು. ಕೊರತೆಯಾದದ್ದು ಕುಡಿಯುವ ನೀರಿಗೆ. ಹಲವು ಕಡೆ ಅಗೆದರೂ ಒಂದು ಹನಿ ಸಿಹಿನೀರು ಸಿಗಲಿಲ್ಲ. ಆಮೆ ಹಿಡಿಯಲು ಹೋದವರಲ್ಲಿ ‘ಡಿಸ್ಕವರಿ’ಯ ಇಬ್ಬರು ನಾವಿಕರು ದಾರಿ ತಪ್ಪಿ ಅಲೆದಾಡಿದರು. ಅವರಲ್ಲೊಬ್ಬ ಬಾಯಾರಿಕೆ ತಾಳಲಾರದೆ ಆಮೆಯನ್ನು ಕೊಂದು ರಕ್ತ ಕುಡಿದ. ಇಬ್ಬರೂ ಕೊನೆಗೆ ಜೀವಸಹಿತ ಸಿಕ್ಕಿದ್ದು ಅವರ ಪುಣ್ಯ.

ಕುಕ್ ಅಲ್ಲಿ ಅಷ್ಟು ದಿನ ನಿಂತದ್ದು ಬರೀ ಆಮೆಗಾಗಿ ಅಲ್ಲ. ಡಿಸೆಂಬರ್ 30ರಂದು ಸೂರ್ಯಗ್ರಹಣವಿತ್ತು. ವಿಜ್ಞಾನ ಓದಿದವರಿಗೆ ಇದರ ಮಹತ್ವ ತಿಳಿದದ್ದೇ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗ್ರಹಣದ ಘಟ್ಟಗಳು ಸ್ಥಳೀಯ ವೇಳೆಯಲ್ಲಿ ಎಷ್ಟು ಗಂಟೆಗೆ ಕಂಡವೆಂದು ಗುರುತಿಸಿ, ಗ್ರೀನಿಚ್ ವೇಳೆಯ ಲೆಕ್ಕದೊಡನೆ ಹೋಲಿಸಿದರೆ ನಿಂತ ಸ್ಥಳದ ರೇಖಾಂಶ ದೊರೆಯುತ್ತದೆ. ಗೊತ್ತುಗುರಿಯಿಲ್ಲದ ಕಡಲಿನಲ್ಲಿ ಒಂದು ಚುಕ್ಕೆಯ ಸ್ಥಾನವನ್ನು ನಿಖರವಾಗಿ ಬರೆದಿಡಲು ಆಕಾಶವೇ ಗಡಿಯಾರವಾಗುವ ಸಂದರ್ಭ ಅದು. ಖಾರಿಯ ಬಾಯಲ್ಲಿರುವ ಪುಟ್ಟ ದ್ವೀಪವೊಂದರಲ್ಲಿ ಕುಕ್, ಅವನ ಸಹಾಯಕ ಕಿಂಗ್, ಖಗೋಳಜ್ಞ ಬೇಲಿ ಮೂವರೂ ದೂರದರ್ಶಕ ಹೂಡಿದರು. ಬೆಳಗ್ಗೆ ಮೋಡ. ಅದು ಸರಿಯುವ ಹೊತ್ತಿಗೆ ಗ್ರಹಣ ಹಿಡಿದಾಗಿತ್ತು. ಬಿಸಿಲೂ ಮರಳಿನ ಝಳವೂ ಎಷ್ಟಿತ್ತೆಂದರೆ, ಗ್ರಹಣ ಬಿಡಲು ಇನ್ನೂ ಮುಕ್ಕಾಲು ಗಂಟೆಯಿರುವಾಗಲೇ ಕುಕ್ ತಾಳಲಾರದೆ ತನ್ನ ವೀಕ್ಷಣೆ ನಿಲ್ಲಿಸಿದ. ಬಳಿಕ ಮೊಳೆತ ತೆಂಗಿನಕಾಯಿ, ಗೆಣಸುಗಳನ್ನು ಅಲ್ಲಿ ನೆಡಿಸಿ, ದೊರೆಯ ಹೆಸರೂ ತಾರೀಖೂ ಬರೆದ ಚೀಟಿಯನ್ನು ಸೀಸೆಯಲ್ಲಿಟ್ಟು, 1778ರ ಜನವರಿ 2ರಂದು ಹೊರಟುಬಿಟ್ಟ. ಅದೇ ತಿಂಗಳು ಅವನಿಗೆ ಹವಾಯಿ ದ್ವೀಪಗಳು ಕಂಡವು. ಮುಂದಿನ ವರ್ಷ ಅಲ್ಲಿಯೇ ಅವನ ಅಂತ್ಯವಾಯಿತು.

ಹೊರಡುವ ಮುನ್ನ ಕುಕ್ ತನ್ನ ದಿನಚರಿಯಲ್ಲಿ ಇನ್ನೊಂದು ವಿಷಯ ದಾಖಲಿಸಿದ. ತಮಗಿಂತ ಮೊದಲು ಇಲ್ಲಿ ಮನುಷ್ಯರಿದ್ದ ಕುರುಹೇ ಇಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಇದೊಂದು ‘ನಿಲ್ ರಿಪೋರ್ಟ್’. ಆ ಸಮಯದಲ್ಲಿ ದ್ವೀಪದಲ್ಲಿ ಯಾರೂ ವಾಸವಿರಲಿಲ್ಲ ಎಂಬುದು ನಿಜ. ಆದರೆ ಇಪ್ಪತ್ತನೆಯ ಶತಮಾನದ ಪುರಾತತ್ತ್ವ ಶೋಧನೆಗಳಲ್ಲಿ ಹಳೆಯ ಪಾಲಿನೇಷಿಯನ್ನರ ಕಲ್ಲುಕಟ್ಟಡಗಳ ಅವಶೇಷಗಳು ಅಲ್ಲಿ ಸಿಕ್ಕಿವೆ. ದಿಕ್ಸೂಚಿಯಿಲ್ಲದೆ, ನಕ್ಷತ್ರ, ಅಲೆ, ಹಕ್ಕಿಗಳ ಜಾಡು ನೋಡಿ ದೋಣಿ ನಡೆಸಿದ ಜನ ಕುಕ್‌ಗಿಂತ ಶತಮಾನಗಳಷ್ಟು ಮೊದಲೇ ಅಲ್ಲಿಗೆ ಬಂದು ಹೋಗಿದ್ದರು. ನೀರಿನ ಕಥೆಯೂ ಹಾಗೆಯೇ. ನೆಲದಡಿಯ ಉಪ್ಪುನೀರಿನ ಮೇಲೆ ಮಳೆಯ ಸಿಹಿನೀರು ತೆಳುವಾದ ಪದರವಾಗಿ ಕೆಲವೆಡೆ ತೇಲುತ್ತಿರುತ್ತದೆ. ಮುಂದೆ ನೆಲಸಿದ ಜನ ಬದುಕಿದ್ದು ಆ ನೀರಿನಿಂದಲೇ.

ಬರುವ ಅತಿಥಿಗಳೆಲ್ಲ ದ್ವೀಪವನ್ನು ಬರಿದೆಂದೇ ಕಂಡದ್ದು ಇದರ ದುರ್ದೈವ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಜಿಯೆ ಎಂಬ ಫ್ರೆಂಚ್ ಪಾದ್ರಿ ಅದನ್ನು ಗುತ್ತಿಗೆ ಹಿಡಿದು ಲಕ್ಷಗಟ್ಟಲೆ ತೆಂಗಿನ ಸಸಿ ನೆಡಿಸಿದ. ಅವನು ಮನೆ ಮಾಡಿದ ಜಾಗಕ್ಕೆ ಪ್ಯಾರಿಸ್ ಎಂದು ಹೆಸರು. ಖಾರಿಯ ಆಚೆ ದಡದ ಊರಿಗೆ ಲಂಡನ್! ಕೊಬ್ಬರಿ ಕೆಲಸಕ್ಕೆಂದು ಗಿಲ್ಬರ್ಟ್ ದ್ವೀಪಗಳಿಂದ ಬಂದ ಕೂಲಿಕಾರರ ಮಕ್ಕಳಿಗೆ ಕಾಲಕ್ರಮದಲ್ಲಿ ಇದೇ ಹುಟ್ಟೂರಾಯಿತು.

ಅವರು ಅಲ್ಲಿರುವಾಗಲೇ 1957-58ರಲ್ಲಿ ಬ್ರಿಟನ್ ಈ ದ್ವೀಪವನ್ನು ನೆಲೆ ಮಾಡಿಕೊಂಡು ಹೈಡ್ರೋಜನ್ ಬಾಂಬುಗಳನ್ನು ಪರೀಕ್ಷಿಸಿತು. 1958ರ ಏಪ್ರಿಲ್ 28ರ ಸ್ಫೋಟ ಬ್ರಿಟನ್ ಇದುವರೆಗೆ ನಡೆಸಿದವುಗಳಲ್ಲೇ ಅತಿ ದೊಡ್ಡದು. 1962ರಲ್ಲಿ ಅಮೆರಿಕವೂ ಸುತ್ತಲಿನ ಕಡಲ ಮೇಲೆ 24 ಬಾಂಬುಗಳನ್ನು ಸಿಡಿಸಿತು. ಕೆಲವು ಸ್ಫೋಟಗಳ ವೇಳೆ ದ್ವೀಪದ ಜನರನ್ನು ಹಡಗಿಗೆ ಹತ್ತಿಸಿಟ್ಟು, ಆದ ಮೇಲೆ ಮತ್ತೆ ಇಳಿಸಿದರು. ಅಲ್ಲಿ ಕೆಲಸ ಮಾಡಿದ ಸೈನಿಕರೂ ದ್ವೀಪವಾಸಿಗಳೂ ತಮ್ಮ ಆರೋಗ್ಯ ಕೆಟ್ಟಿತೆಂದು ದಶಕಗಳ ಕಾಲ ನ್ಯಾಯ ಕೇಳುತ್ತ ಬಂದಿದ್ದಾರೆ. ದೊಡ್ಡ ರಾಜಧಾನಿಗಳ ಕಡತದಲ್ಲಿ ಒಂದು ಜಾಗ ‘ಯಾರೂ ಇಲ್ಲದ್ದು’ ಎಂದು ದಾಖಲಾದರೆ, ಅಲ್ಲಿರುವವರ ಜೀವಕ್ಕೆ ಎಷ್ಟು ಬೆಲೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

1979ರ ಜುಲೈ 12ರಂದು ಕಿರಿಬಾಸ್ ದೇಶ ಸ್ವತಂತ್ರವಾಯಿತು. ಆ ದೇಶದ ಒಟ್ಟು ನೆಲದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ ಸುಮಾರು 388 ಚದರ ಕಿಲೋಮೀಟರು, ಈ ಒಂದೇ ದ್ವೀಪದ್ದು. ರಾಜಧಾನಿ ತರಾವಾದಿಂದ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಿಂದೆ ದಿನಾಂಕ ರೇಖೆ ದೇಶದ ನಡುವೆಯೇ ಹಾಯ್ದಿದ್ದರಿಂದ ಒಂದೇ ಸರ್ಕಾರದ ಕಚೇರಿಗಳಲ್ಲಿ ಎರಡು ತಾರೀಖು ನಡೆಯುತ್ತಿತ್ತು. 1995ರ ಆರಂಭದಲ್ಲಿ ಅವರು ರೇಖೆಯನ್ನೇ ಪೂರ್ವಕ್ಕೆ ಸರಿಸಿಕೊಂಡರು. ಇದರಿಂದಾಗಿ ಈಗ ಜಗತ್ತಿನಲ್ಲಿ ಮೊಟ್ಟಮೊದಲು ಹೊಸ ದಿನ ಕಾಲಿಡುವ ನೆಲೆಗಳಲ್ಲಿ ಇದೂ ಒಂದು. ಅಲ್ಲಿ ಕ್ರಿಸ್‌ಮಸ್ ಹುಟ್ಟುವಾಗ ನಮ್ಮಲ್ಲಿ 24ರ ಮಧ್ಯಾಹ್ನ ಮೂರೂವರೆ ಗಂಟೆ.

ಹೆಸರಿನ ವಿಷಯದಲ್ಲಿ ಅವರು ಮಾಡಿದ್ದು ಇನ್ನೂ ಸ್ವಾರಸ್ಯಕರ. ಅವರ ಲಿಪಿಯಲ್ಲಿ ‘ಸ’ಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ‘ತಿ’ ಎಂದು ಬರೆದು ‘ಸ್’ ಎಂದು ಓದುತ್ತಾರೆ. ಹೀಗಾಗಿ ಕ್ರಿಸ್‌ಮಸ್ ದ್ವೀಪ ಬರಹದಲ್ಲಿ ‘ಕಿರಿತಿಮತಿ’, ಬಾಯಲ್ಲಿ ‘ಕಿರಿಸ್ಮಸ್’. ಗಿಲ್ಬರ್ಟ್ಸ್ ಎಂಬುದೇ ‘ಕಿರಿಬಾಸ್’ ಆಯಿತು. ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡು, ಲ್ಯಾಂಟರ್ನನ್ನು ಲಾಟೀನು ಮಾಡಿಕೊಂಡ ಕನ್ನಡಿಗರಿಗೆ ಈ ಜಾಣ್ಮೆ ಅಪರಿಚಿತವೇನಲ್ಲ. 2014ರಲ್ಲಿ ನಾವು ಬ್ಯಾಂಗಲೋರನ್ನು ಅಧಿಕೃತವಾಗಿ ಬೆಂಗಳೂರು ಮಾಡಿದಾಗ ನಮಗೆ ಹಿಂದಿರುಗಲು ಒಂದು ಹಳೆಯ ಹೆಸರಿತ್ತು. ಆ ದ್ವೀಪದಲ್ಲಿ ಬಾಳುತ್ತಿರುವ ಜನ ಪರರು ಇಟ್ಟ ಹೆಸರನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ತಮ್ಮದಾಗಿಸಿಕೊಂಡರು. ಹತ್ತು ದಿನ ತಂಗಿದವರು ಹೆಸರಿಡಬಹುದು. ತಲೆಮಾರುಗಳಿಂದ ಬಾಳಿದವರ ಉಚ್ಚಾರವೇ ಊರಿನ ಹೆಸರಾಗುತ್ತದೆ.