ಕೈಬದಲಾಗದ ನಾಣ್ಯ

2023ರ ಮೇ 28ರಂದು, ಹೊಸ ಸಂಸತ್ ಭವನ ಉದ್ಘಾಟನೆಯಾದ ದಿನ, 75 ರೂಪಾಯಿಯ ಒಂದು ನಾಣ್ಯ ಬಿಡುಗಡೆಯಾಯಿತು. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅದರಲ್ಲಿ ಅರ್ಧದಷ್ಟು ಬೆಳ್ಳಿ. ಟಂಕಸಾಲೆಯವರು ಅದನ್ನು ಚೆಂದದ ಪೆಟ್ಟಿಗೆಯಲ್ಲಿಟ್ಟು ಮುಖಬೆಲೆಯ ಹಲವು ಪಟ್ಟು ದರಕ್ಕೆ ಮಾರುತ್ತಾರೆ. ಅದರ ಮೇಲೆ 75 ರೂಪಾಯಿ ಎಂದು ಬರೆದಿದೆ ನಿಜ, ಆದರೆ ಅದನ್ನು ಕೊಟ್ಟು ಯಾರೂ ಹೋಟೆಲಿನಲ್ಲಿ ದೋಸೆ ತಿನ್ನುವುದಿಲ್ಲ. ಅದರಲ್ಲಿರುವ ಬೆಳ್ಳಿಯೇ ಅದಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತದೆ.

ಹಾಗಾದರೆ ಇದು ನಾಣ್ಯವೋ ಪದಕವೋ? ಸ್ವತಂತ್ರ ಭಾರತದ ಸ್ಮಾರಕ ನಾಣ್ಯಗಳ ಬಗ್ಗೆ ಓದುತ್ತಿರುವ ನನಗೆ ಈ ಪ್ರಶ್ನೆ ತಮಾಷೆಯದಲ್ಲ. ನಮ್ಮ ಸ್ಮಾರಕ ನಾಣ್ಯಗಳ ಕತೆ ಶುರುವಾದದ್ದು ಪೆಟ್ಟಿಗೆಯಲ್ಲಲ್ಲ, ಜನರ ಜೇಬಿನಲ್ಲಿ.

1950ರಲ್ಲಿ ಗಣರಾಜ್ಯದ ಮೊದಲ ನಾಣ್ಯಗಳು ಬಂದಾಗ ಆರನೇ ಜಾರ್ಜ್ ದೊರೆಯ ಮುಖ ಹೋಗಿ ಅಶೋಕನ ಸಿಂಹಗಳು ಬಂದವು. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಯಾವ ಮನುಷ್ಯನ ಮುಖವೂ ನಮ್ಮ ನಾಣ್ಯಗಳ ಮೇಲೆ ಇರಲಿಲ್ಲ. ವನವಾಸದ ಲೆಕ್ಕವೇ ಸರಿ! 1964ರ ಮೇ 27ರಂದು ನೆಹರೂ ತೀರಿಕೊಂಡರು. ಅದೇ ವರ್ಷದ ಇಸವಿ ಹೊತ್ತು, ಅವರ ಮುಖವಿದ್ದ ಒಂದು ರೂಪಾಯಿ ಮತ್ತು 50 ಪೈಸೆಯ ನಾಣ್ಯಗಳು ಚಲಾವಣೆಗೆ ಬಂದವು. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಇವೇ. ತೀರಿಹೋದ ಪ್ರಧಾನಿಯನ್ನು ನೆನೆಯಲು ಯಾರೂ ಎಲ್ಲಿಗೂ ಹೋಗಬೇಕಿರಲಿಲ್ಲ, ಬಸ್ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲೇ ಅವರು ಸಿಗುತ್ತಿದ್ದರು.

1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ನಾಲ್ಕು ನಾಣ್ಯಗಳು ಬಂದವು: 20 ಪೈಸೆ, 50 ಪೈಸೆ, 1 ರೂಪಾಯಿ ಮತ್ತು 10 ರೂಪಾಯಿ. ಮೊದಲ ಮೂರು ಸಂತೆಗೆ ಹೋದವು. ಹತ್ತು ರೂಪಾಯಿಯದು ಮಾತ್ರ 15 ಗ್ರಾಂ ತೂಕದ್ದು, ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಬೆಳ್ಳಿಯ ನಾಣ್ಯವನ್ನು ಯಾರು ತಾನೇ ಅಂಗಡಿಗೆ ಕೊಡುತ್ತಾರೆ? ಅದು ಬೀರು ಸೇರಿತು. ಮುಂದೆ ಆಗಿದ್ದರ ಬೀಜ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಒಬ್ಬನೇ ಗಾಂಧಿ, ಒಬ್ಬರಿಗೆ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆಯಲ್ಲಿ, ಇನ್ನೊಬ್ಬರಿಗೆ ಬೆಳ್ಳಿಯ ಹತ್ತು ರೂಪಾಯಿಯಲ್ಲಿ.

ಎಪ್ಪತ್ತರ ದಶಕದಲ್ಲಿ ನಾಣ್ಯ ಉಪದೇಶ ಮಾಡಲು ಕಲಿಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಯೋಜನೆಯಡಿ ಹಲವು ದೇಶಗಳು ಇಂಥ ನಾಣ್ಯಗಳನ್ನು ತಂದವು. ನಮ್ಮಲ್ಲಿ 1970ರಲ್ಲಿ ‘ಎಲ್ಲರಿಗೂ ಅನ್ನ’, 1973ರಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’, 1974ರಲ್ಲಿ ‘ಯೋಜಿತ ಕುಟುಂಬ: ಎಲ್ಲರಿಗೂ ಅನ್ನ’ ಎಂಬ ಅರ್ಥದ ಘೋಷಣೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬಂದವು. ಈ ಕೊನೆಯದು ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯದ ಮೇಲೂ ಇತ್ತು. ಮರುವರ್ಷ ತುರ್ತು ಪರಿಸ್ಥಿತಿ ಬಂತು, ಅದರ ಹಿಂದೆಯೇ ಬಲವಂತದ ಸಂತಾನಹರಣ ಚಿಕಿತ್ಸೆಗಳು ಬಂದವು. ಹಗುರವಾದ, ಅಂಚು ಅಲೆಅಲೆಯಾಗಿರುವ ಆ ಹತ್ತು ಪೈಸೆಯನ್ನು ಅಂಗೈ ಮೇಲಿಟ್ಟುಕೊಂಡಾಗ ನನಗೆ ಮೊದಲು ನೆನಪಾಗುವುದು ಇದೇ. ಸರ್ಕಾರವೊಂದು ತನ್ನ ಜನರಿಗೆ ಏನು ಹೇಳಬೇಕೆಂದಿತ್ತು ಎಂಬುದಕ್ಕೆ ಇಷ್ಟು ಅಗ್ಗವಾದ, ಇಷ್ಟು ದೂರ ತಲುಪಿದ ದಾಖಲೆ ಬೇರೆ ಸಿಗುವುದು ಕಷ್ಟ. ಹರಾಜಿನ ಪಟ್ಟಿಗಳಲ್ಲಿ ಇದಕ್ಕೆ ಮರ್ಯಾದೆಯೇ ಇಲ್ಲ.

ನೆನಪಿಗಾಗಿ ನಾಣ್ಯ ಹೊಡೆಸುವುದು ಹೊಸ ರೂಢಿಯೇನಲ್ಲ. ಸಮುದ್ರಗುಪ್ತ ಅಶ್ವಮೇಧದ ಕುದುರೆಯನ್ನು ಚಿನ್ನದ ನಾಣ್ಯದ ಮೇಲೆ ನಿಲ್ಲಿಸಿದ್ದ. ಕೃಷ್ಣದೇವರಾಯನ ವರಹಗಳ ಮೇಲೆ ಬಾಲಕೃಷ್ಣ ಕೂತಿದ್ದಾನೆ. ಉದಯಗಿರಿಯನ್ನು ಗೆದ್ದು ಅಲ್ಲಿನ ಬಾಲಕೃಷ್ಣ ಮೂರ್ತಿಯನ್ನು ಹಂಪಿಗೆ ತಂದದ್ದರ ನೆನಪಿಗೆ ಇದನ್ನು ಹೊಡೆಸಿದ್ದೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಆ ನಾಣ್ಯ ಕೈಯಿಂದ ಕೈಗೆ ಹೋಗುತ್ತಾ ಹೋಗುತ್ತಾ ಜನ ಆ ಪುಟ್ಟ ಮೂರ್ತಿಯನ್ನು ದೇವಿಯೆಂದು ತಿಳಿದು ‘ದುರ್ಗಿ ವರಹ’ ಎಂದು ಕರೆಯತೊಡಗಿದರಂತೆ. ರಾಯ ಹೇಳಿದ್ದು ಒಂದು, ಜನ ಓದಿಕೊಂಡದ್ದು ಇನ್ನೊಂದು. ಚಲಾವಣೆಯಲ್ಲಿರುವ ನಾಣ್ಯಕ್ಕೆ ಮಾತ್ರ ಸಿಗುವ ಭಾಗ್ಯ ಇದು. ಪೆಟ್ಟಿಗೆಯೊಳಗಿನ ನಾಣ್ಯಕ್ಕೆ ಯಾರೂ ಅಡ್ಡಹೆಸರು ಇಡುವುದಿಲ್ಲ.

ನಮ್ಮ ಕಾಲದ ಸ್ಮಾರಕ ನಾಣ್ಯಗಳ ಮುಖಬೆಲೆಗಳನ್ನೇ ನೋಡಿ. ರಿಸರ್ವ್ ಬ್ಯಾಂಕಿಗೆ 75 ವರ್ಷವಾದಾಗ 75 ರೂಪಾಯಿಯ ನಾಣ್ಯ. ರವೀಂದ್ರನಾಥ ಟ್ಯಾಗೋರರ 150ನೇ ಜನ್ಮವರ್ಷಕ್ಕೆ 150 ರೂಪಾಯಿಯದು. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ್ದಕ್ಕೆ 1000 ರೂಪಾಯಿಯದು. ಇಲ್ಲಿ ಸಂಖ್ಯೆ ಬೆಲೆಯನ್ನು ಹೇಳುತ್ತಿಲ್ಲ, ವಯಸ್ಸನ್ನು ಹೇಳುತ್ತಿದೆ. ಕೊಡುಕೊಳ್ಳುವ ಉದ್ದೇಶವಿದ್ದ ಯಾವ ಟಂಕಸಾಲೆಯೂ 150 ರೂಪಾಯಿಯ ನಾಣ್ಯ ಹೊಡೆಯುವುದಿಲ್ಲ.

ಜೇಬಿನ ದಾರಿ ಪೂರ್ತಿ ಮುಚ್ಚಿಹೋಗಿದೆ ಎಂದೇನಲ್ಲ. 2006ರಲ್ಲಿ ಬಸವಣ್ಣನವರ ನಾಣ್ಯ 100 ರೂಪಾಯಿಯ ಜೊತೆಗೆ 5 ರೂಪಾಯಿಯಲ್ಲೂ ಬಂತು. 2015ರಲ್ಲಿ ಅಂಬೇಡ್ಕರರ ನಾಣ್ಯ 125 ರೂಪಾಯಿಯಲ್ಲೂ 10 ರೂಪಾಯಿಯಲ್ಲೂ ಬಂತು. ಆದರೆ ಹತ್ತರ ನಾಣ್ಯಗಳಲ್ಲಿ ಬಗೆಬಗೆಯ ವಿನ್ಯಾಸ ಕಂಡ ಅಂಗಡಿಯವರು ನಕಲಿಯೆಂದು ಹೆದರಿ ‘ಇದು ನಡೆಯಲ್ಲ, ನೋಟು ಕೊಡಿ’ ಎನ್ನತೊಡಗಿದರು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಹತ್ತು ರೂಪಾಯಿಯ 14 ವಿನ್ಯಾಸಗಳೂ ಅಸಲಿ, ಎಲ್ಲವನ್ನೂ ತೆಗೆದುಕೊಳ್ಳಿ ಎಂದು ಪ್ರಕಟಣೆ ಕೊಡಬೇಕಾಯಿತು. ನೆನಪಿಗಾಗಿ ಬಂದ ನಾಣ್ಯವನ್ನೇ ಜನ ಅನುಮಾನದಿಂದ ನೋಡುವಂತಾಯಿತು.

ಇನ್ನು ಸಂಗ್ರಾಹಕರ ಲೆಕ್ಕ. ಅದರಲ್ಲಿ ಹಳತು ಎಂಬುದಕ್ಕೆ ಅಷ್ಟು ಬೆಲೆಯಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಜನ, ಇವು ಮುಖ್ಯ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾಗಿ, ಮರುವರ್ಷ ಆನೆಯನ್ನು ತಿದ್ದಿದರು. ಆದ್ದರಿಂದ ಅದಕ್ಕೆ ಬೇಡಿಕೆ. 1939ರ ರೂಪಾಯಿ ವಿರಳ, ಹಾಗಾಗಿಯೇ ಅದರ ನಕಲುಗಳು ಹೇರಳ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ವರ್ಷದ ಒಂದೇ ನಾಣ್ಯ ಒಂದು ಟಂಕಸಾಲೆಯದಾದರೆ ಚಿಲ್ಲರೆ, ಇನ್ನೊಂದರದಾದರೆ ಬೆಲೆಬಾಳುವ ವಸ್ತು. ಎಲ್ಲಕ್ಕಿಂತ ಮೇಲೆ, ನಾಣ್ಯ ಬಳಕೆಯಾಗಿರಬಾರದು. ಯಾರೂ ಮುಟ್ಟದ ನಾಣ್ಯಕ್ಕೆ ಹೆಚ್ಚಿನ ಬೆಲೆ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ ತಾಮ್ರದ ಕಾಸನ್ನು ವ್ಯಾಪಾರಿಗೆ ತೋರಿಸಿದರೆ ಅವರ ಮುಖ ಹುಳ್ಳಗಾಗುತ್ತದೆ. ಕಾಲ ಹಚ್ಚಿದ ಬಣ್ಣ ಹೋಯಿತು, ಬೆಲೆಯೂ ಹೋಯಿತು.

ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಹಿರಿಯರೊಬ್ಬರು ಹಾರ್ಲಿಕ್ಸ್ ಬಾಟಲಿಯ ತುಂಬ ಚಿಲ್ಲರೆ ತಂದಿದ್ದರು. ಅದರಲ್ಲಿ ವೈಷ್ಣೋದೇವಿಯ ಐದು ರೂಪಾಯಿಯ ನಾಣ್ಯವೂ ಇತ್ತು, 2012ರದು. ‘ಮೊಬೈಲಲ್ಲಿ ಇದಕ್ಕೆ ಲಕ್ಷಗಟ್ಟಲೆ ಅಂತ ತೋರಿಸಿದ್ರು, ಮೊಮ್ಮಗಳ ಫೀಸಿಗೆ ಆಗುತ್ತೆ ಅಂತ ಬಂದೆ ಕಣಪ್ಪ’ ಎಂದರು. ವ್ಯಾಪಾರಿ ನಕ್ಕುಬಿಡಲಿಲ್ಲ, ಅದು ದೊಡ್ಡತನ. ‘ಯಜಮಾನ್ರೆ, ಇದನ್ನ ಲಕ್ಷಾಂತರ ಹೊಡೆದಿದಾರೆ. ಯಾರಾದ್ರೂ ಮೊದಲು ಕಮಿಷನ್ ಕಳಿಸಿ ಅಂದ್ರೆ ಒಂದು ಪೈಸೆನೂ ಕಳಿಸಬೇಡಿ’ ಎಂದರು. ಹಿರಿಯರು ಆಗಲೇ ಕಳಿಸಿದ್ದರೋ ಏನೋ, ಮಾತಾಡಲಿಲ್ಲ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು ನಾಣ್ಯಗಳಿಗೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. ಆ ಎಚ್ಚರಿಕೆ ತಲುಪುವ ಮೊದಲೇ ವೀಡಿಯೊ ತಲುಪಿರುತ್ತದೆ. ಗಣ್ಯರ ಪೆಟ್ಟಿಗೆಗಳಲ್ಲಿ ಸ್ಮಾರಕ ನಾಣ್ಯಕ್ಕೆ ಸಾವಿರಗಟ್ಟಲೆ ಬೆಲೆಯಿರುವುದನ್ನು ಕಂಡವರು, ತಮ್ಮ ಡಬ್ಬಿಯೊಳಗಿನದಕ್ಕೂ ಇರಬಹುದೆಂದು ನಂಬಿದರೆ ಅದು ದುರಾಸೆಯಲ್ಲ.

ಇವೆಲ್ಲದರ ಆಚೆಗೆ, ನಮ್ಮ ಮನೆಗಳಲ್ಲಿ ಇನ್ನೊಂದು ಸಂಗ್ರಹ ನಡೆದಿದೆ, ಅದನ್ನು ಯಾವ ಕ್ಯಾಟಲಾಗೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1968ರಿಂದ ಕೆಲವು ವರ್ಷ ಹಳದಿ ಲೋಹದ 20 ಪೈಸೆಯ ಮೇಲೆ ಕಮಲದ ಚಿತ್ರವಿತ್ತು. ಅದರಲ್ಲಿ ಚಿನ್ನ ಬೆರೆಸಿದ್ದಾರೆ ಎಂಬ ಸುದ್ದಿ ಊರೂರು ಸುತ್ತಿತ್ತು; ಅದು ಬರೀ ಸುದ್ದಿ. ಆದರೆ ಕಮಲವೆಂದರೆ ಲಕ್ಷ್ಮಿ. ಹೆಂಗಸರು ಅವನ್ನು ಒಂದೊಂದಾಗಿ ಎತ್ತಿಟ್ಟು 108 ಮಾಡಿಕೊಂಡರು, ವರಮಹಾಲಕ್ಷ್ಮಿ ಹಬ್ಬಕ್ಕೆ ಪೂಜೆಗಿಟ್ಟರು. ಈಗಲೂ 108ರ ಆ ಗಂಟು ಎಷ್ಟೋ ಮನೆಗಳಲ್ಲಿದೆ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ರದ್ದಾಯಿತು. ಅರಿಶಿನ ಕುಂಕುಮ ಅಂಟಿದ ಆ ಗಂಟಿನ ಬೆಲೆ ಇಳಿಯಲಿಲ್ಲ. ಸರ್ಕಾರ ಏನನ್ನೂ ಸ್ಮರಿಸದೆ ಹೊಡೆದ ಸಾಮಾನ್ಯ ನಾಣ್ಯವೊಂದನ್ನು ಜನರೇ ಸ್ಮಾರಕ ಮಾಡಿಕೊಂಡರು.

ಯಾವ ನಾಣ್ಯಗಳನ್ನು ಕೂಡಿಡಬೇಕು ಎಂದು ಕಾಲೇಜಿನ ಹುಡುಗರು ಕೇಳುತ್ತಿರುತ್ತಾರೆ. ಹೂಡಿಕೆಗಾದರೆ ನನ್ನನ್ನು ಕೇಳಬೇಡಿ. ನೂರು ವರ್ಷ ದಾಟಿದ್ದು ಕಾನೂನಿನ ಕಣ್ಣಲ್ಲಿ ಪುರಾವಸ್ತು, ಪರವಾನಗಿಯಿಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ, ಅಷ್ಟು ತಿಳಿದಿರಲಿ. ಓದುವುದಕ್ಕಾದರೆ ಅಗ್ಗದವುಗಳಿಂದ ಶುರುಮಾಡಿ. ಎಲ್ಲಿ ಸಿಕ್ಕಿತು, ಯಾರ ಮನೆಯದು, ಯಾಕೆ ಎತ್ತಿಟ್ಟಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನಾಣ್ಯ ವ್ಯಾಪಾರಿಯ ಆಲ್ಬಮ್ ಸೇರಿದ ಕ್ಷಣ ಮೊದಲು ಕಳೆದುಹೋಗುವುದು ಈ ಸಂಗತಿಗಳೇ.

ನನ್ನ ಬಳಿ 1969ರ ಗಾಂಧಿ ಇಪ್ಪತ್ತು ಪೈಸೆಗಳು ಎರಡಿವೆ. ಒಂದು ಟಂಕಸಾಲೆಯಿಂದ ಈಗ ತಾನೇ ಬಂದಂತಿದೆ, ಮುಖದ ಗೆರೆ ಕೂಡ ಸ್ಪಷ್ಟ. ಇನ್ನೊಂದನ್ನು ವ್ಯಾಪಾರಿ ಅದರ ಜೊತೆಗೆ ಪುಕ್ಕಟೆ ಕೊಟ್ಟರು. ಅದರ ಮೇಲೆ ಮುಖವಿತ್ತು ಎಂಬುದನ್ನು ಬೆರಳಾಡಿಸಿಯೇ ತಿಳಿಯಬೇಕು. ಎಷ್ಟು ಕೈ ದಾಟಿತ್ತೋ. ಪ್ರಬಂಧದಲ್ಲಿ ಚಿತ್ರ ಹಾಕಲು ಎರಡರಲ್ಲಿ ಈ ಸವೆದದ್ದನ್ನೇ ಆರಿಸಿದ್ದೇನೆ.