ನ್ಯಾಯವೈದ್ಯಶಾಸ್ತ್ರ ಬೋಧನೆ (ಭಾರತ)

ಅಸಹಜ ಸಾವು, ಗಾಯ, ವಿಷ, ವಯಸ್ಸು, ಲೈಂಗಿಕ ದೌರ್ಜನ್ಯ ಮುಂತಾದವುಗಳ ಬಗ್ಗೆ ವೈದ್ಯರು ಪೊಲೀಸರಿಗೂ ನ್ಯಾಯಾಲಯಕ್ಕೂ ಕೊಡಬೇಕಾದ ವರದಿ ಮತ್ತು ಸಾಕ್ಷ್ಯವನ್ನು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕಲಿಸುವ ವಿಷಯ. ವೈದ್ಯಶಿಕ್ಷಣದ ಉಳಿದ ಪಾಠಗಳು ಆಸ್ಪತ್ರೆಯ ಅಗತ್ಯದಿಂದ ಬೆಳೆದವು. ಇದನ್ನು ಬೆಳೆಸಿದ್ದು, ಆಗಾಗ ತಿದ್ದಿದ್ದು ಕೋರ್ಟು.

ಬ್ರಿಟನ್ನಿನಲ್ಲಿ ಈ ವಿಷಯಕ್ಕೆ ಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾದದ್ದು 1807ರಲ್ಲಿ, ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ. 1822ರಲ್ಲಿ ಆ ಪೀಠಕ್ಕೆ ಬಂದ ರಾಬರ್ಟ್ ಕ್ರಿಸ್ಟಿಸನ್ ವಿಷಶಾಸ್ತ್ರಕ್ಕೆ ಭದ್ರ ನೆಲೆ ಒದಗಿಸಿದ. ಕಲ್ಕತ್ತಾ ಮತ್ತು ಮದರಾಸುಗಳಲ್ಲಿ 1835ರಲ್ಲಿ ವೈದ್ಯಶಿಕ್ಷಣ ಆರಂಭವಾದ ಮೇಲೆ ಪಾಠಪದ್ಧತಿ ಬ್ರಿಟನ್ನಿನಿಂದಲೇ ಬಂತು. ಆದರೆ ಇಲ್ಲಿನ ಅಪರಾಧಗಳೇ ಬೇರೆ. ನಾರ್ಮನ್ ಚೀವರ್ಸ್ 1856ರಲ್ಲಿ ಬಂಗಾಳ ಮತ್ತು ವಾಯವ್ಯ ಪ್ರಾಂತ್ಯಗಳಿಗೆಂದೇ ಒಂದು ಕೈಪಿಡಿ ಬರೆದ. ದಾರಿಹೋಕರ ಊಟದಲ್ಲಿ ಉಮ್ಮತ್ತಿ ಬೀಜ ಬೆರೆಸಿ ದೋಚುವುದು, ಮೈಮೇಲಿನ ಒಡವೆಗಾಗಿ ಮಕ್ಕಳನ್ನು ಕೊಲ್ಲುವುದು ಅದರಲ್ಲಿವೆ. ವೈದ್ಯಗ್ರಂಥವಾದರೂ ಅದಕ್ಕೆ ಆಗಿನ ಸಮಾಜವನ್ನು ವಸಾಹತು ಅಧಿಕಾರಿಯೊಬ್ಬ ಕಂಡ ಬಗೆಯ ದಾಖಲೆಯೆಂಬ ಬೆಲೆಯೂ ಉಂಟು. ‘ನೇಟಿವ್’ ಜನರ ಸ್ವಭಾವದ ಬಗ್ಗೆ ಅದು ಹೊರಡಿಸುವ ತೀರ್ಪುಗಳನ್ನು ಮಾತ್ರ ಎಚ್ಚರದಿಂದ ಓದಬೇಕು.

ಆ ಉಮ್ಮತ್ತಿ ಬೀಜ ಪ್ರಾಯೋಗಿಕ ಪರೀಕ್ಷೆಯ ಮೇಜನ್ನು ಇನ್ನೂ ಬಿಟ್ಟಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿ ಬೀಜವಿಟ್ಟು ವ್ಯತ್ಯಾಸ ಕೇಳುವುದು ಹಳೆಯ ವಾಡಿಕೆ. ಉಮ್ಮತ್ತಿಯದು ಕಂದು ಬಣ್ಣ, ಮೂತ್ರಪಿಂಡದ ಆಕಾರ, ಅಂಚಿನಲ್ಲಿ ಜೋಡಿ ಏಣು. ಮೆಣಸಿನದು ತೆಳು ಹಳದಿ, ಚಪ್ಪಟೆ, ಅಂಚು ಒಂದೇ. ಜೊತೆಗೆ ಗುಲಗಂಜಿ, ಕಣಗಿಲೆ ಬೇರು, ತಲೆಬುರುಡೆ, ಮಚ್ಚು, ವಯಸ್ಸು ಅಂದಾಜಿಸಲು ಮೊಣಕೈ ಎಕ್ಸ್‌ರೇ ಇರುತ್ತವೆ. ನೋಡಿ ಗುರುತಿಸಬೇಕಾದ ಇವು ‘ಸ್ಪಾಟರ್‌’ಗಳು. ಆಯುಧದ ಅಲಗು ಅಳೆದು, ಅದರಿಂದ ಎಂಥ ಗಾಯವಾದೀತೆಂದು ಬರೆಯಬೇಕು.

1920ರಲ್ಲಿ ಪ್ರಕಟವಾದ ಜೈಸಿಂಗ್ ಪಿ. ಮೋದಿ ಅವರ ಪಠ್ಯಪುಸ್ತಕ ಈ ಕ್ಷೇತ್ರದ ದೊಡ್ಡ ತಿರುವು. ತರಗತಿಗೆಂದು ಬರೆದದ್ದು ವಕೀಲರ ಕಪಾಟನ್ನೂ ಸೇರಿತು. ಸಾಕ್ಷಿಕಟ್ಟೆಯಲ್ಲಿ ನಿಂತ ವೈದ್ಯರನ್ನು ಮೋದಿ ಪುಸ್ತಕ ತೆರೆದಿಟ್ಟು ಪಾಟೀಸವಾಲು ಮಾಡುವುದು, ತೀರ್ಪುಗಳಲ್ಲಿ ಅದನ್ನು ಉಲ್ಲೇಖಿಸುವುದು ರೂಢಿಯಾಯಿತು. ಪಠ್ಯದ ಒಂದು ವಾಕ್ಯ ಆರೋಪಿಯ ಅಥವಾ ಸಂತ್ರಸ್ತೆಯ ಹಣೆಬರಹವನ್ನು ಬದಲಿಸಬಹುದಾದ ವಿಷಯ ವೈದ್ಯಶಿಕ್ಷಣದಲ್ಲಿ ಬೇರೊಂದಿಲ್ಲ.

ಈ ಬಲದ ಕೆಟ್ಟ ಮುಖ ಲೈಂಗಿಕ ಅಪರಾಧಗಳ ಅಧ್ಯಾಯದಲ್ಲಿ ಕಾಣುತ್ತದೆ. ಕನ್ಯತ್ವದ ‘ಲಕ್ಷಣ’ಗಳು, ಎರಡು ಬೆರಳಿನ ಪರೀಕ್ಷೆ ಮುಂತಾದ ವೈಜ್ಞಾನಿಕ ಆಧಾರವಿಲ್ಲದ ಪಾಠಗಳು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ದಾಟಿದವು. ಆ ಪರೀಕ್ಷೆ ಸಂತ್ರಸ್ತೆಯ ಖಾಸಗಿತನಕ್ಕೂ ಘನತೆಗೂ ಧಕ್ಕೆ ತರುತ್ತದೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಪರೀಕ್ಷೆ ಅಷ್ಟಕ್ಕೇ ನಿಲ್ಲಲಿಲ್ಲವಾದ್ದರಿಂದ 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ ವೈದ್ಯಕೀಯ ಪಠ್ಯಕ್ರಮವನ್ನೇ ಪರಿಶೀಲಿಸುವಂತೆ ನಿರ್ದೇಶಿಸಿತು. ಆದರೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟ್ ಕೊನೆಯಲ್ಲಿ ಹೊರಡಿಸಿದ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧ ಮತ್ತೆ ‘ಅಸಹಜ ಅಪರಾಧ’ಗಳ ಪಟ್ಟಿ ಸೇರಿತ್ತು! ಪ್ರತಿಭಟನೆಯ ಬಳಿಕ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದು, ತಿದ್ದಿ ಪ್ರಕಟಿಸಲಾಯಿತು.

ತಜ್ಞರಿಗೇ ಬಿಡದೆ ಎಲ್ಲ ವಿದ್ಯಾರ್ಥಿಗಳಿಗೂ ನ್ಯಾಯವೈದ್ಯಶಾಸ್ತ್ರ ಕಲಿಸುವುದಕ್ಕೆ ಕಾರಣ ಸರಳ. ತಾಲ್ಲೂಕು ಆಸ್ಪತ್ರೆಗೆ ಬಂದ ಶವದ ಮರಣೋತ್ತರ ಪರೀಕ್ಷೆ ಎಷ್ಟೋ ಸಲ ಬರಿಯ ಎಂಬಿಬಿಎಸ್ ಮಾಡಿದ ವೈದ್ಯಾಧಿಕಾರಿಯ ಪಾಲಿಗೆ ಬೀಳುತ್ತದೆ. ಪೊಲೀಸರು ಶವ ಮಹಜರು ಮಾಡಿ ಕೋರಿಕೆ ಪತ್ರ ಕೊಡುತ್ತಾರೆ, ಮುಂದಿನದು ವೈದ್ಯರದು. ಹಾಗಿದ್ದೂ ಕಲಿಕೆಯಲ್ಲಿ ಶವಾಗಾರಕ್ಕಿಂತ ತರಗತಿಗೇ ಹೆಚ್ಚು ಪಾಲು. ಗುಂಪುಗುಂಪಾಗಿ ನಿಂತು ನೋಡುವವರಲ್ಲಿ ಹಿಂದಿನ ಸಾಲಿನವರಿಗೆ ಮುಂದಿನವರ ಬೆನ್ನು ಮಾತ್ರ ಕಾಣಿಸೀತು. ಕಲಿಸುವ ಘಟ್ಟವೂ ಬದಲಾಗಿದೆ: ಎಂಬಿಬಿಎಸ್ ಶಿಕ್ಷಣದ 1997ರ ನಿಯಮಾವಳಿ ಈ ವಿಷಯವನ್ನು ಎರಡನೇ ಘಟ್ಟದ ಪಾಠವಾಗಿಸಿತ್ತು. 2019ರಲ್ಲಿ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಇದರ ಪರೀಕ್ಷೆಯನ್ನು ಮೂರನೇ ಘಟ್ಟದ ಮೊದಲ ಭಾಗಕ್ಕೆ ಸರಿಸಿತು. ರೋಗಿಗಳನ್ನು ಕಂಡಮೇಲೆ ಗಾಯದ ಪ್ರಮಾಣಪತ್ರ ಬರೆಯಲು ಕಲಿಯುವುದು ಮೇಲೆಂದೇ ಹೇಳಬೇಕು.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಪಠ್ಯದ ಐಪಿಸಿ ಸೆಕ್ಷನ್‌ಗಳೆಲ್ಲ ಬದಲಾದವು. ತೀವ್ರ ಗಾಯದ ವ್ಯಾಖ್ಯೆ ಐಪಿಸಿಯ 320ರಿಂದ ಹೊಸ ಸಂಹಿತೆಯ 116ಕ್ಕೆ ಹೋಯಿತು. ಬದಲಾದದ್ದು ಸಂಖ್ಯೆಯಷ್ಟೇ ಅಲ್ಲ: ಗಾಯಾಳು 20 ದಿನ ತೀವ್ರ ನೋವು ಅನುಭವಿಸಬೇಕೆಂದಿದ್ದ ಅವಧಿ ಈಗ 15 ದಿನ.