ಆಸ್ಪತ್ರೆಯಂಗಳದ ಡೇರೆಗಳು

ನನ್ನ ಸೋದರತ್ತೆ ಮದುವೆ ಮುಂಜಿಗಳಿಗೆ ಹೋಗುತ್ತಿರಲಿಲ್ಲ. ಹೋದರೆ ಯಾರಾದರೂ ಮಗನ ಸುದ್ದಿ ಎತ್ತುವರೆಂಬ ಅಂಜಿಕೆ. ಕಾಲೇಜಿನಲ್ಲಿ ಚುರುಕಾಗಿ ಓದುತ್ತಿದ್ದ ಹುಡುಗ ಇಪ್ಪತ್ತರ ಪ್ರಾಯದಲ್ಲಿ ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದ. ಆಮೇಲೆ ಮಾತೇ ನಿಂತುಹೋಯಿತು. ನೆಂಟರು ಬಂದಾಗ ಹಿತ್ತಿಲ ಕೋಣೆಯ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ರೋಗ ಒಬ್ಬನದು, ಸೆರೆವಾಸ ಮನೆಮಂದಿಗೆಲ್ಲ! ಇಂಥ ಕಷ್ಟ ಲೋಕದಲ್ಲಿ ತಮ್ಮೊಬ್ಬರ ಮನೆಯದೇ ಎಂದು ಅತ್ತೆ ನಂಬಿದ್ದರು.

ಈ ನಂಬಿಕೆಗೆ ಕಾರಣವಿಲ್ಲದೆ ಇರಲಿಲ್ಲ. 1912ರ ಕಾಯಿದೆಯ ಪ್ರಕಾರ ಮನೋರೋಗಿಯನ್ನು ಆಸ್ಪತ್ರೆಗೆ ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕಾಗಿತ್ತು. ಅದರ ಬದಲಿಗೆ ಹೊಸ ಶಾಸನವಾದದ್ದು 1987ರಲ್ಲಿ. ಎತ್ತರದ ಗೋಡೆ; ಒಳಗೆ ರೋಗಿ, ಹೊರಗೆ ಬಂಧುಗಳು. ಮಗನನ್ನು ಒಪ್ಪಿಸಿ ಹಿಂದಿರುಗಿದ ತಾಯಿಗೆ ಸಮಾಧಾನ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ನಮ್ಮ ದೇಶದಲ್ಲಿ ಆ ಗೋಡೆಯ ಬಾಗಿಲನ್ನು ಬಂಧುಗಳಿಗಾಗಿ ತೆರೆದ ಕೀರ್ತಿ ಅಮೃತಸರದ್ದು. ದೇಶ ಇಬ್ಭಾಗವಾದ ಮೇಲೆ, 1950ರಲ್ಲಿ, ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು ಭಾರತಕ್ಕೆ ಕಳುಹಿಸಲಾಯಿತು. ಮಂಟೋ ಬರೆದ ‘ಟೋಬಾ ಟೇಕ್ ಸಿಂಗ್’ ಕಥೆಯ ವಸ್ತು ಇಂಥ ವಿನಿಮಯವೇ. ಹೀಗೆ ಬಂದವರಲ್ಲಿ ಬಹುಮಂದಿ ಅಮೃತಸರದ ಆಸ್ಪತ್ರೆ ಸೇರಿದರು. ಅಲ್ಲಿ ರೋಗಿಗಳು ಕಿಕ್ಕಿರಿದಿದ್ದರು, ನೋಡಿಕೊಳ್ಳುವ ಕೈಗಳು ಕೆಲವೇ. ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ವಿದ್ಯಾಸಾಗರ್ ಆ ದಶಕದಲ್ಲಿ ಒಂದು ಹೊಸ ದಾರಿ ಹಿಡಿದರು: ರೋಗಿಗಳ ಬಂಧುಗಳನ್ನೇ ಕರೆಸಿ, ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆಯಲ್ಲಿಯೇ ಇರಿಸಿದರು, ಎಲ್ಲರನ್ನೂ ಒಂದೆಡೆ ಕೂಡಿಸಿ ರೋಗವೆಂದರೇನೆಂದು ತಿಳಿಸಿದರು, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿದರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳುವುದು ಕಂಡುಬಂತು.

ಕೊರತೆಯೇ ಕಲಿಸಿದ ಪಾಠ ಇದು. ಆದರೆ ಆ ಬಯಲಿನಲ್ಲಿ ನಡೆದದ್ದು ಆರೈಕೆಯೊಂದೇ ಅಲ್ಲವೆಂದು ನನಗೆ ತೋರುತ್ತದೆ. ಇದು ಶಾಪವೊ, ಮಾಟವೊ, ತನ್ನದೇ ತಪ್ಪೊ ಎಂದು ಒಳಗೊಳಗೇ ಬೆಂದಿದ್ದ ತಾಯಿ, ಪಕ್ಕದ ಡೇರೆಯಲ್ಲಿಯೂ ತನ್ನಂಥವಳೇ ಒಬ್ಬಳಿರುವುದನ್ನು ಕಂಡಳು. ಅದಕ್ಕಿಂತ ದೊಡ್ಡ ಸಾಂತ್ವನ ಯಾವುದು?

ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಮನೆಯವರೊಬ್ಬರು ರೋಗಿಯೊಡನೆ ಇರುವುದು ಪದ್ಧತಿಯೇ ಆಯಿತು. ನಮ್ಮ ನಿಮ್ಹಾನ್ಸಿನಲ್ಲಿಯೂ ಕುಟುಂಬಕ್ಕೆ ಚಿಕಿತ್ಸೆಯಲ್ಲಿ ಸ್ಥಾನ ದೊರೆಯಿತು. ಮುಂದೆ ಬಂಧುಗಳು ವೈದ್ಯರ ಕರೆಗಾಗಿ ಕಾಯದೆ ತಾವೇ ಸಂಘ ಕಟ್ಟಿದರು. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಮನೋರೋಗಿಗಳ ಮನೆಯವರ ‘ಅಮೆಂಡ್’ ಹುಟ್ಟಿತು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ತಂದೆತಾಯಿಗಳ ಸಂಘಗಳು 1995ರಲ್ಲಿ ಇದೇ ನಗರದಲ್ಲಿ ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟವಾಗಿ ಕೂಡಿದವು.

ಸಂಘವಿದ್ದರೆ ಸಾಲದು, ಹೊಸ್ತಿಲು ದಾಟಬೇಕು. ಅದೇ ಕಠಿಣ. ನನ್ನ ಅತ್ತೆಗೆ ಹದಿನೈದು ವರ್ಷ ಹಿಡಿಯಿತು. ಮಗನಿಗೆ ಮಾತ್ರೆ ಕೊಡುತ್ತಿದ್ದ ವೈದ್ಯರು, ‘ತಿಂಗಳಿಗೊಮ್ಮೆ ಬಂಧುಗಳು ಸೇರುತ್ತಾರೆ, ಹೋಗಿಬನ್ನಿ’ ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ದೇವರ ಪಟದ ಹಿಂದೆ ಎಷ್ಟೋ ಕಾಲ ಉಳಿಯಿತು. ಇಂದು ಅಷ್ಟು ಕಾಯಬೇಕಾಗಿಲ್ಲ. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ದೂರವಾಣಿ, 14416, ಕನ್ನಡದಲ್ಲಿಯೂ ಮಾತನಾಡುತ್ತದೆ. ರೋಗಿಯ ಮನೆಯವರೂ ಕರೆಯಬಹುದು. ಚಿಕಿತ್ಸೆ ನಡೆಯುವ ಆಸ್ಪತ್ರೆಯಲ್ಲಿ ಸಮಾಜಸೇವಾ ವಿಭಾಗವಿದ್ದರೆ, ಬಂಧುಗಳ ಕೂಟ ಎಲ್ಲಿದೆಯೆಂದು ಅಲ್ಲಿ ವಿಚಾರಿಸಬಹುದು. ಕೂಟವು ಔಷಧಿಯ ಬದಲಿಗೆ ಬಾರದು. ಔಷಧಿ ಕೊಡುವ ಕೈ ಸೋಲದಂತೆ ಕಾಯುತ್ತದೆ, ಅಷ್ಟೆ.

ಕೊನೆಗೊಂದು ಭಾನುವಾರ ಅತ್ತೆಯನ್ನು ನಾನೇ ಕರೆದೊಯ್ದೆ. ಎರಡು ಗಂಟೆ ಹೊರಗೆ ಬೆಂಚಿನ ಮೇಲೆ ಕಾದೆ. ಬಸ್ಸಿನಲ್ಲಿ ಅವರು ಬಹಳ ಹೊತ್ತು ಮೌನವಾಗಿದ್ದು, ಆಮೇಲೆ ಹೇಳಿದರು:

“ಯಾಕೆ ಹೀಗಾಯಿತು ಅಂತ ಯಾರೂ ಕೇಳಲಿಲ್ಲ ಕಣೋ. ರಾತ್ರಿ ನಿಮಗೆ ನಿದ್ದೆ ಬರುತ್ತಾ ಅಂತ ಕೇಳಿದರು.”

ಮುಂದಿನ ತಿಂಗಳು ಅವರು ಒಬ್ಬರೇ ಹೋದರು.